ಲ್ಯಾಪ್‌ಟಾಪ್ ಯಾರಿಗೆ?

ಸಾಮಾನು ಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಇಷ್ಟು ದಿನ ನಂಬಿಕೊಂಡಿದ್ದೆ. ಸೀರೆ ಅಂಗಡಿಯವರು ಇನ್ನೊಂದು ಕಟ್ಟು ಬಿಚ್ಚುವಷ್ಟರಲ್ಲಿ ಮೊದಲು ಕಂಡದ್ದನ್ನೇ ಕಟ್ಟಿಸಿಕೊಂಡು ಎದ್ದುಬಿಡುತ್ತೇನೆ. ಮಿಕ್ಸಿಯಾಗಲಿ ಗ್ರೈಂಡರಾಗಲಿ, ಒಂದು ಅಂಗಡಿ, ಒಂದು ಮಾತು. ಆದರೆ ಹೋದ ವರ್ಷ ಒಂದು ಲ್ಯಾಪ್‌ಟಾಪ್ ಕೊಳ್ಳಲು ಹೊರಟು, ನಿಂತಲ್ಲಿ ನಿಲ್ಲಲಾರದೆ ಕೂತಲ್ಲಿ ಕೂರಲಾರದೆ ಒದ್ದಾಡಿದ ಮೇಲೆ ಆ ಜಂಬ ಇಳಿದಿದೆ.

ನನಗೇಕೆ ಲ್ಯಾಪ್‌ಟಾಪ್ ಬೇಕಾಯಿತು ಎಂಬುದನ್ನು ಮೊದಲು ಹೇಳಿಬಿಡಬೇಕು. ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ನಮ್ಮ ಯಜಮಾನರು ಮಹದೇವಸ್ವಾಮಿ, ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಮಗ ಡಿಪ್ಲೊಮಾ ಓದಲು ಮೈಸೂರಿನ ಹಾಸ್ಟೆಲು ಸೇರಿದ ಮೇಲೆ ನನಗೆ ಮಧ್ಯಾಹ್ನಗಳು ಬಹಳ ಉದ್ದವೆನಿಸತೊಡಗಿದವು. ಮದುವೆಗೆ ಮುಂಚೆ ಮಾಡಿದ್ದ ಬಿ.ಎ. ಟ್ರಂಕಿನಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿ, ನಲವತ್ತು ದಾಟಿದ ವಯಸ್ಸಿನಲ್ಲಿ ಚಾಮರಾಜನಗರದ ಒಂದು ಕಾಲೇಜಿಗೆ ಬಿ.ಎಡ್. ಓದಲು ಸೇರಿದೆ. ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಹುಡುಗ ಹುಡುಗಿಯರೆಲ್ಲ ಎದ್ದುನಿಂತು ನಮಸ್ಕಾರ ಹೇಳಿದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತ ಮೇಲೂ ಇಬ್ಬರು ನಿಂತೇ ಇದ್ದರು.

ಈಗಿನ ಓದು ಪುಸ್ತಕ ಪೆನ್ನಿನಲ್ಲಿ ಮುಗಿಯುವುದಿಲ್ಲ. ಪಾಠಯೋಜನೆ ಟೈಪು ಮಾಡಬೇಕು, ಪರದೆಯ ಮೇಲೆ ತೋರಿಸುವ ಚಿತ್ರಗಳನ್ನು ಜೋಡಿಸಬೇಕು, ಎಲ್ಲವನ್ನೂ ಮೇಲ್ ಮಾಡಬೇಕು. ಅದಕ್ಕೆಂದು ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋಗಿದ್ದ. ಅದು ರುಬ್ಬುಗುಂಡಿನಷ್ಟು ಭಾರ. ಪ್ಲಗ್ಗಿನಿಂದ ವೈರು ಕಿತ್ತರೆ ಆ ಕ್ಷಣವೇ ಕಣ್ಣು ಮುಚ್ಚುತ್ತಿತ್ತು. ಅದರ ಎಫ್ ಕೀಲಿ ಬಿದ್ದುಹೋಗಿತ್ತು. ಇಂಗ್ಲಿಷಿನವರಿಗೆ ಅದೊಂದು ನಷ್ಟವೇ ಅಲ್ಲದಿರಬಹುದು. ನಾನು ಕಲಿತ ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಹುಟ್ಟುವುದೇ ಎಫ್‌ನಿಂದ. ಅದಿಲ್ಲದೆ ‘ಅಮ್ಮ’ ಹೊಡೆದರೆ ‘ಅಮಮ’ ಎಂದು ಬೀಳುತ್ತದೆ. ಹಾಗಾಗಿ ಕೆಲವು ದಿನ ಒತ್ತಕ್ಷರವಿಲ್ಲದ ಪದಗಳನ್ನೇ ಹುಡುಕಿ ಬರೆದೆ. ಮಕ್ಕಳು ಎಳೆಯರಾದರು, ಪುಸ್ತಕ ಓಲೆಗರಿಯಾಯಿತು. ನನ್ನ ಅಧ್ಯಾಪಕರು ಓದಿ, ಹಳಗನ್ನಡದ ಕಡೆ ಒಲವು ಹೆಚ್ಚೇನಮ್ಮ ಎಂದು ವಿಚಾರಿಸಿದರು. ಅದೇ ಕೀಲಿಮಣೆಯಲ್ಲಿ ಎಚ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ‘ಹೋಗು’ ಎನ್ನಬೇಕಾದಲ್ಲಿ ‘ಓಗು’ ಎಂದು ಮುಗಿಸುವ ನಮ್ಮ ಸೀಮೆಯ ಮೇಲಿನ ಗೌರವದಿಂದ ಇರಬೇಕು.

ಇಂಥ ಲ್ಯಾಪ್‌ಟಾಪ್ ಒಂದು ಸಂಜೆ ಕಪ್ಪಾಯಿತು, ಮತ್ತೆ ಬೆಳಗಾಗಲಿಲ್ಲ. ರಿಪೇರಿಯವನು ಬೋರ್ಡೇ ಹೋಗಿದೆ, ಇದಕ್ಕೆ ಸುರಿಯುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಬೇರೆಯದೇ ಬರುತ್ತದೆ ಎಂದ. ಇತ್ತ ಕಾಲೇಜಿನಲ್ಲಿ ಬೋಧನಾಭ್ಯಾಸ ಹತ್ತಿರ ಬರುತ್ತಿತ್ತು. ಅಂದರೆ ನಾವು ನಿಜವಾದ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು, ಅಧ್ಯಾಪಕರು ಹಿಂದೆ ಕೂತು ಅಂಕ ಹಾಕುತ್ತಾರೆ. ಆ ಪಾಠಗಳಾವುವೂ ಸಿದ್ಧವಾಗಿರಲಿಲ್ಲ. ಬ್ಲೌಸು ಹೊಲಿದು ಚೀಟಿಗೆ ಕಟ್ಟಿದ್ದ ದುಡ್ಡು ಕೈಗೆ ಬಂದಿತ್ತು. ಅದರೊಳಗೆ ಬರುವಂಥದ್ದು ಒಂದು ಬೇಕಿತ್ತು, ಅಷ್ಟೇ.

ಆ ‘ಅಷ್ಟೇ’ ನನ್ನನ್ನು ತಿಂಗಳಿಡೀ ಕುಣಿಸಿತು. ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೆ ಫೋನಿನಲ್ಲಿ ವಿಡಿಯೊ ನೋಡುವುದು, ಚಾಮರಾಜನಗರದಲ್ಲಿ ಇಳಿಯುವಷ್ಟರಲ್ಲಿ ಒಂದನ್ನು ಗಟ್ಟಿ ಮಾಡಿಕೊಳ್ಳುವುದು, ಸಂಜೆ ವಾಪಸು ಬರುವಾಗ ಅದನ್ನು ಕೈಬಿಡುವುದು. ವಿಡಿಯೊದ ಹುಡುಗರು ಆಟ ಆಡಿದರೆ ಬಿಸಿಯಾಗುತ್ತದೋ ಇಲ್ಲವೋ ಎಂಬುದನ್ನೇ ಕೊರೆಯುತ್ತಿದ್ದರು. ಪಾಠಯೋಜನೆ ಬರೆದರೆ ಬಿಸಿಯಾಗುತ್ತದೆಯೇ ಎಂದು ಒಬ್ಬನೂ ಹೇಳಲಿಲ್ಲ. ಮಗ ಲಿಂಕುಗಳನ್ನು ಕಳಿಸಿದ. ನಾನು ಕೇಳಿದ ಪ್ರಶ್ನೆಗಳ ಕಾಟಕ್ಕೆ ಕಳಿಸುವುದನ್ನು ನಿಲ್ಲಿಸಿದ. ಯಜಮಾನರಿಗೆ ರ‍್ಯಾಮ್ ಎಂದರೇನೆಂದು ವಿವರಿಸಿದಾಗ, ಅದು ಎಂಜಿನ್ನೋ ಗೇರ್‌ಬಾಕ್ಸೋ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಗೇರ್‌ಬಾಕ್ಸು ಎಂದೆ. ಅನ್ನಕ್ಕೆ ನೀರಿಟ್ಟು ಅಕ್ಕಿ ಹಾಕುವುದನ್ನು ಮರೆಯುವುದು, ಓದಲು ಕೂತು ಎದ್ದುಹೋಗಿ ಬೆಲೆ ನೋಡುವುದು, ಹೀಗೆ ದಿನ ಕಳೆಯುತ್ತಿತ್ತು.

ಜಾಹೀರಾತುಗಳಲ್ಲಿ ‘ವಿದ್ಯಾರ್ಥಿಗಳಿಗಾಗಿ’ ಎಂದು ಬರೆದಿರುತ್ತಿದ್ದರು. ಪಕ್ಕದಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಗುವ, ಕೂದಲು ಕೆದರಿದ ಒಬ್ಬ ಪೋರ. ನಾನು ಆ ಪದವನ್ನೇ ದಿಟ್ಟಿಸಿ ನೋಡುತ್ತಿದ್ದೆ. ಅರ್ಥಿ ಎಂದರೆ ಬೇಡುವವರು, ಬಯಸುವವರು. ವಿದ್ಯೆ ಬೇಕೆಂದು ಕೈಯೊಡ್ಡಿದವರು ವಿದ್ಯಾರ್ಥಿ. ಎಷ್ಟು ತಿರುಗಿಸಿ ನೋಡಿದರೂ ಅದರೊಳಗೆ ವಯಸ್ಸಿನ ಸುಳಿವಿಲ್ಲ. ಪದ ಕಟ್ಟಿದವರು ಬಿಟ್ಟಿದ್ದನ್ನು ಚಿತ್ರ ತೆಗೆದವರು ಸೇರಿಸಿಬಿಟ್ಟಿದ್ದರು.

ಕೊನೆಗೆ ತಮಗೆ ವಾರದ ರಜೆಯಿದ್ದ ಒಂದು ದಿನ ಯಜಮಾನರು ನನ್ನ ಜೊತೆ ಚಾಮರಾಜನಗರದ ಒಂದು ಲ್ಯಾಪ್‌ಟಾಪ್ ಅಂಗಡಿಗೆ ಬಂದರು. ಅಂಗಡಿಯವರು ನನ್ನ ಕಡೆ ನೋಡದೆ ಅವರ ಕಡೆ ತಿರುಗಿ, ಯಾರಿಗೆ ಸಾರ್ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಹೇಳಿದರು: “ಮಗುಂಗೆ. ಕಾಲೇಜು ಓದ್ತಾವ್ನೆ.”

ಅಂಗಡಿಯವರು ಮಗನಿಗೆ ಹೊಂದುವ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ತೋರಿಸಿದರು. ಕೀಲಿಗಳ ಕೆಳಗೆ ಕೆಂಪು ನೀಲಿ ದೀಪ ಉರಿಯುವುದು ಒಂದು, ಸ್ಪೀಕರಿನ ಸದ್ದಿಗೆ ಮೇಜೇ ನಡುಗುವುದು ಒಂದು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಆಮೇಲೆ ನೋಡೋಣ ಎಂದು ಹೇಳಿ ಹೊರಗೆ ಬಂದುಬಿಟ್ಟೆ. ಬಸ್ಸಿನಲ್ಲಿ ಯಜಮಾನರು ಕಡಲೆಕಾಯಿ ಕೊಡಿಸಿದರು. ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮನೆಗೆ ಬಂದು ಕಾಫಿಗೆ ಇಟ್ಟ ಮೇಲೆ, ಮಗನಿಗೆ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ.

“ಅಂಗಲ್ಲ ಕಣಮ್ಮಿ,” ಎಂದರು. “ನಿಂಗೆ ಅಂದ್ರೆ ಯಾವ್ದೋ ಮೂಲೇಲಿರೋದ ತೋರುಸ್ಬುಡ್ತನ, ಹುಡುಗುಂಗೆ ಅಂದ್ರೆ ಒಳ್ಳೇದ ತೋರುಸ್ತನ ಅನ್ಕಂಡಿ.”

ಮಾತು ಒಪ್ಪುವಂತೆಯೇ ಇತ್ತು, ಆದರೆ ಅವರ ಕಣ್ಣು ಲೋಟದ ಮೇಲಿತ್ತು. ನಾನು ಸಕ್ಕರೆ ಡಬ್ಬಿಯನ್ನು ಅವರ ಮುಂದೆ ಇಟ್ಟೆ. ಆಮೇಲೆ ಅವರೇ ಉಳಿದದ್ದನ್ನೂ ಹೇಳಿದರು. ಡಿಪೊದಲ್ಲಿ ಕೆಲವರು, ಸ್ವಾಮಿ, ಮನೆಯವರ ಸ್ಕೂಲ್ ಬ್ಯಾಗು ನೀನೇ ಹೊರುತ್ತೀಯಾ, ಡಬ್ಬಿ ನೀನೇ ಕಟ್ಟುತ್ತೀಯಾ ಎಂದು ಕಿಚಾಯಿಸುತ್ತಿದ್ದರಂತೆ. ಅಂಗಡಿಯವನೂ ನಕ್ಕುಬಿಟ್ಟರೆ ಎಂದು ಬಾಯಿ ತಾನೇ ತಪ್ಪಿಸಿಕೊಂಡಿತಂತೆ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಗಾಬರಿ. ಯಾಕೆಂದರೆ ಅಂಗಡಿಯವರು ನನ್ನನ್ನೇ ಕೇಳಿದ್ದರೆ ನಾನೂ ಮಗನಿಗೆ ಎಂದುಬಿಡುತ್ತಿದ್ದೆನೇನೋ ಎಂಬ ಅನುಮಾನ ಒಳಗೆ ಎದ್ದು ಕೂತಿತ್ತು. ತಿಂಗಳಿಡೀ ಬೆಲೆ ನೋಡಿದ್ದೇ ನೋಡಿದ್ದು ಯಾಕೆ ಎಂಬುದು ಆಗ ಸ್ವಲ್ಪ ಅರ್ಥವಾಯಿತು. ಮಿಕ್ಸಿ ಕೊಂಡರೆ ಮನೆಗೆ, ಸೀರೆ ಕೊಂಡರೆ ಹಬ್ಬಕ್ಕೆ. ಈ ವಸ್ತು ನನ್ನ ಓದಿಗೆ ಮಾತ್ರ. ದುಡ್ಡು ಕೊಟ್ಟು ತಂದ ಮೇಲೆ ಓದನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ಬೇಡವೆನಿಸಿದರೆ ಹೊರಬೀಳಲು ಬಾಗಿಲೊಂದನ್ನು ತೆರೆದಿಟ್ಟುಕೊಂಡು ಓದುತ್ತಿದ್ದವಳಿಗೆ ಅದನ್ನು ಮುಚ್ಚಲು ಕೈ ಬರುತ್ತಿರಲಿಲ್ಲ.

ಮಾರನೆಯ ದಿನ ತರಗತಿಯ ಗೆಳತಿ ನಂದಿನಿಗೆ ಹೇಳಿದೆ. ಸಂತೇಮರಹಳ್ಳಿಯ ಹುಡುಗಿ, ನನ್ನ ಅರ್ಧ ವಯಸ್ಸಿನವಳು, ಸೇರಿದ ವಾರದಲ್ಲೇ ನನ್ನನ್ನು ಆಂಟಿಯಿಂದ ಅಕ್ಕನಿಗೆ ಇಳಿಸಿದ್ದಳು. ನಾನು ರ‍್ಯಾಮಿನಿಂದ ಶುರುಮಾಡಿ ಎಲ್ಲವನ್ನೂ ಹರಡಿದೆ. ಅವಳು ತಾಳ್ಮೆಯಿಂದ ಕೇಳಿ, “ಅಕ್ಕ, ಅದ ಬುಡಿ. ನೀವ್ ದಿನಾ ಏನ್ ಮಾಡ್ತಿರಿ ಅದ ಯೋಳಿ,” ಎಂದಳು.

ದಿನಾ ಏನು ಮಾಡುತ್ತೇನೆ? ಬಸ್ಸಿನಲ್ಲಿ ಸೀಟು ಸಿಗದೆ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಲ್ಲುತ್ತೇನೆ, ಹಗುರವಾದದ್ದು ಬೇಕು. ಕರೆಂಟು ಹೋಗುವ ಶಾಲೆಯಲ್ಲಿ ಪಾಠ ಮಾಡಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು. ಕನ್ನಡ ಟೈಪು ಮಾಡುತ್ತೇನೆ. ಕೀಲಿಗಳು ಬೆರಳಿಗೆ ಒಗ್ಗಬೇಕು. ಚಾಳೀಸು ಬಂದಿದೆ, ಪರದೆ ತೀರ ಚಿಕ್ಕದಾಗಬಾರದು. ಬರೆದದ್ದು ತೆರೆಯಲು ಕಾಯಿಸಬಾರದು. ಇದನ್ನು ಹೇಳಿ ಮುಗಿಸಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆಟ, ಸಿನಿಮಾ, ಕೆಂಪು ದೀಪ ಎಲ್ಲ ತಾವಾಗಿಯೇ ಉದುರಿಹೋದವು.

ಸಂಜೆ ಇಬ್ಬರೂ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಈ ಸಲ ನಂದಿನಿಯ ಕಡೆ ತಿರುಗಿ, ನಿನಗಾ ಎಂದು ಕೇಳಿದರು. ಅವಳು ಗೋಡೆಯ ಗಡಿಯಾರವನ್ನು ನೋಡುತ್ತ ನಿಂತಳು.

“ನನಗೆ,” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ನಾನೇ ಓದ್ತಾ ಇರೋದು. ಬಿ.ಎಡ್.”

ಅವರು ನಗಲಿಲ್ಲ. ವಿದ್ಯಾರ್ಥಿಗಳಿಗೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇವೆ, ಕಾಲೇಜಿನ ಗುರುತಿನ ಚೀಟಿ ಇದೆಯೇ ಎಂದಷ್ಟೇ ಕೇಳಿದರು. ಇಷ್ಟಕ್ಕೆ ನಾವಿಬ್ಬರು ದೊಡ್ಡವರು ಹಿಂದಿನ ದಿನ ಹೆದರಿದ್ದೆವು. ಆ ಕಡಿತದ ಮೇಲೂ ಹೊಸದರಲ್ಲಿ ಹಗುರವಾದವು ನನ್ನ ಚೀಟಿ ದುಡ್ಡಿಗೆ ಎಟುಕಲಿಲ್ಲ. ಕಚೇರಿಯೊಂದರಲ್ಲಿ ಬಳಸಿ, ಬ್ಯಾಟರಿ ಬದಲಾಯಿಸಿ, ವರ್ಷದ ವಾರಂಟಿ ಕೊಟ್ಟು ಮಾರುವ ಒಂದು ಬೂದು ಬಣ್ಣದ ಲ್ಯಾಪ್‌ಟಾಪ್ ಒಳಗಿತ್ತು. ಎತ್ತಿ ನೋಡಿದೆ, ಹೆಗಲು ಒಪ್ಪಿತು. ಕನ್ನಡ ಹಾಕಿಸಿ ‘ಸ್ವಾತಂತ್ರ್ಯ’ ಎಂದು ಹೊಡೆದೆ. ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ವೈರು ಕಿತ್ತರೂ ಕಣ್ಣು ಮುಚ್ಚಲಿಲ್ಲ. ಅದನ್ನೇ ಕಟ್ಟಿಸಿಕೊಂಡೆ.

ಮನೆಯಲ್ಲಿ ಯಜಮಾನರು ಅದನ್ನು ಮಗುವನ್ನೆತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಅಡಿ ಮೇಲು ಮಾಡಿ ನೋಡಿ, ಇದಕ್ಕೆ ಒಂದು ಚೀಲ ಬೇಕಲ್ಲ ಎಂದರು. ಎರಡು ದಿನ ಬಿಟ್ಟು ಬಸ್ ಸೀಟಿನ ರೆಕ್ಸಿನ್ನಿನಲ್ಲಿ, ಒಳಗೆ ಸ್ಪಂಜು ಹಾಕಿ ಹೊಲಿಸಿದ ಚೀಲ ತಂದರು. ಹೊಲಿದುಕೊಟ್ಟವರು ಡಿಪೊದವರೇ, ಕಿಚಾಯಿಸಿದವರಲ್ಲಿ ಒಬ್ಬರು. ಚೀಲ ಯಾರಿಗೆಂದು ಅವರು ಕೇಳಿದಾಗ ಏನು ಹೇಳಿದಿರಿ ಎಂದೆ. “ನಮ್ಮನೇರ್ದು ಅಂದಿ. ಇನ್ನೇನ್ ಯೋಳನ,” ಎಂದು ಸ್ನಾನಕ್ಕೆ ಹೋದರು.

ಹೀಗೆ ಎಲ್ಲ ಒದಗಿದ ಮೇಲೆ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಕೊಂಡ ಮೇಲೂ ಒಂದು ವಾರ ಬೆಲೆ ನೋಡುತ್ತಲೇ ಇದ್ದೆ, ಇಳಿದಿದ್ದರೆ ಹೊಟ್ಟೆ ಉರಿಯಲಿ ಎಂದು. ಬೋಧನಾಭ್ಯಾಸಕ್ಕೆ ನನಗೆ ಹಂಗಳದ ಕಡೆಯ ಒಂದು ಪ್ರೌಢಶಾಲೆ ಸಿಕ್ಕಿತು. ಮೊದಲ ಪಾಠದ ನಡುವೆ ಕರೆಂಟು ಹೋಗಿ, ಪ್ರೊಜೆಕ್ಟರು ಆರಿ, ಗೋಡೆಯ ಮೇಲಿನ ಚಿತ್ರ ಮಾಯವಾಯಿತು. ಲ್ಯಾಪ್‌ಟಾಪು ಮಾತ್ರ ಬೆಳಗುತ್ತಿತ್ತು. ಮಕ್ಕಳನ್ನೆಲ್ಲ ಮೇಜಿನ ಸುತ್ತ ಕರೆದು ನಿಲ್ಲಿಸಿಕೊಂಡು ಅದರಲ್ಲೇ ಪಾಠ ಮುಗಿಸಿದೆ. ಹಿಂದೆ ಕೂತಿದ್ದ ಅಧ್ಯಾಪಕರು ಏನನ್ನೋ ಬರೆದುಕೊಂಡು ಎದ್ದುಹೋದರು. ಎಷ್ಟು ಅಂಕ ಹಾಕಿದರೋ ಎಂಬ ಚಿಂತೆಯಲ್ಲೇ ವೈರು ಸುತ್ತಿಡತೊಡಗಿದೆ.

ಮುಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು, “ಮಿಸ್, ನೀವೂ ಓದ್ತಾ ಇದ್ದೀರಂತಲ್ಲ, ನಿಮ್ಗೂ ಓಂವರ್ಕ್ ಕೊಡ್ತರಾ?”

ಕೊಡುತ್ತಾರೆ ಎಂದೆ.

“ಇವತ್ತಿಂದು ಮಾಡಿದ್ದೀರಾ?”

ಇನ್ನೂ ಇಲ್ಲ ಎಂದು ಒಪ್ಪಿಕೊಂಡೆ. ಮಕ್ಕಳೆಲ್ಲ ನನ್ನನ್ನು ನಿಜವಾದ ಕನಿಕರದಿಂದ ನೋಡಿದರು. ಈ ವಯಸ್ಸಿನಲ್ಲಿ ಯಾಕೆ, ಓದಿ ಏನು ಮಾಡುತ್ತೀರಿ, ಮನೆಯವರು ಏನೆನ್ನುತ್ತಾರೆ, ಇದಾವುದೂ ಅವರ ತಲೆಗೆ ಹೊಳೆಯಲಿಲ್ಲ. ಓದುವವರೆಂದರೆ ಓಂವರ್ಕ್ ಬಾಕಿ ಇರುವವರು, ಅವರ ಲೆಕ್ಕ ಅಷ್ಟಕ್ಕೆ ಮುಗಿದಿತ್ತು. ಅಂಕದ ಚಿಂತೆ ಯಾವಾಗ ಬಿಟ್ಟುಹೋಯಿತೋ ಗೊತ್ತಾಗಲಿಲ್ಲ. ಗಂಟೆ ಹೊಡೆದು ಮುಂದಿನ ಮೇಷ್ಟ್ರು ಬರುವವರೆಗೆ ಸಮಯವಿತ್ತು. ಮೂಲೆಯ ಬೆಂಚಿನಲ್ಲಿ ಆ ಹುಡುಗಿಯ ಪಕ್ಕ ಜಾಗ ಮಾಡಿಸಿಕೊಂಡು ಕೂತು, ನನ್ನ ಓಂವರ್ಕ್ ಶುರುಮಾಡಿದೆ.