ರಾಮಗಿರಿ ಪ್ಲಾಟ್‌ಫಾರ್ಮಿನ ಹದಿನಾರನೇ ಕಲ್ಲು

ತವರಿನಿಂದ ಹೊಳಲ್ಕೆರೆಗೆ ಹೊರಟಾಗಲೆಲ್ಲ ಹೀಗೇ. ಅಮ್ಮ ಹುರಿದ ಶೇಂಗಾಕಾಯಿ ಕಟ್ಟಿಕೊಟ್ಟು, ರೈಲು ಆಗಲೇ ಬಂದುಬಿಟ್ಟಿತೇನೋ ಎನ್ನುವಂತೆ ಓಡಿಸುತ್ತಾಳೆ. ಆವತ್ತೂ ರಾಮಗಿರಿ ಸ್ಟೇಷನ್ನಿಗೆ ಮುಕ್ಕಾಲು ಗಂಟೆ ಮುಂಚೆ ಬಂದು ಕೂತಿದ್ದೆವು, ನಾನು ಮತ್ತು ಮೊದಲ ಪಿಯುಸಿ ಓದುವ ಮಗಳು.

ಮರುದಿನ ಅವಳಿಗೆ ಫಿಸಿಕ್ಸ್ ಟೆಸ್ಟು. ಸೈನ್ಸ್ ಬಿಟ್ಟು ಕಾಮರ್ಸಿಗೆ ಬದಲಾಗಲು ಕೊನೆಯ ದಿನವೂ ಅದೇ. ಅರ್ಜಿ ನನ್ನ ಚೀಲದಲ್ಲಿತ್ತು, ನನ್ನ ಸಹಿಯೊಂದು ಬಾಕಿ.

“ಈ ಗ್ರಾಫ್ ಅರ್ಥ ಆಗ್ಲಿಲ್ಲಾಂದ್ರೆ ಸೈನ್ ಹಾಕಿಬಿಡಮ್ಮ,” ಅಂದಳು. ಅಡ್ಡಕ್ಕೆ ಕಾಲ, ಉದ್ದಕ್ಕೆ ವೇಗ. ಗೆರೆಯ ಕೆಳಗಿನ ಜಾಗವೇ ಸ್ಥಾನಪಲ್ಲಟವಂತೆ, ಅಂದರೆ ಹೊರಟಲ್ಲಿಂದ ಎಷ್ಟು ಸರಿದೆವು ಅನ್ನುವುದು. “ಜಾಗ ಹೆಂಗಮ್ಮ ಅದಾಗುತ್ತೆ?”

ನನಗೂ ಕುತೂಹಲ. ಕಾನ್ವೆಂಟಿನಲ್ಲಿ ಕಲಿತ ಫಿಸಿಕ್ಸ್ ಅಷ್ಟಕ್ಕಷ್ಟೆ. ಆದರೆ ಸಿಸ್ಟರ್ ಕಲಿಸಿದ ಕ್ರಾಸ್‌ಸ್ಟಿಚ್ ಕಸೂತಿಯಿಂದ ಚೌಕ ಎಣಿಸುವುದು ಬೆರಳಿಗೆ ಹತ್ತಿಬಿಟ್ಟಿದೆ.

ಪ್ಲಾಟ್‌ಫಾರ್ಮಿಗೆ ಹಾಸಿದ ಕಲ್ಲುಗಳೆಲ್ಲ ಒಂದೇ ಅಳತೆ. “ನಡಿ ನೋಡಾಣ. ನಾನು ಒಂದೊಂದು ಎಣಿಸಿದಾಗಲೂ ಎರಡು ಕಲ್ಲು ದಾಟು.” ಬೆಂಚಿನಿಂದ ಐದು ಎಣಿಕೆ ಹಾಗೆ ನಡೆದಳು. ಆಮೇಲೆ ಮೂರು ಕಲ್ಲಿನಂತೆ ನಾಲ್ಕು ಎಣಿಕೆ. ಕಡೆಗೆ ತಿರುಗಿ, ಎರಡರಂತೆ ಮೂರು ಎಣಿಕೆ ವಾಪಸ್. ನಾನು ಗ್ರಾಫ್ ಹಾಳೆಯಲ್ಲಿ ಎಣಿಕೆಗೊಂದು ಕಂಬ, ಕಲ್ಲಿಗೊಂದು ಚೌಕ ತುಂಬಿದೆ. ವಾಪಸ್ ಬಂದದ್ದನ್ನು ಮಾತ್ರ ಸೊನ್ನೆಯ ಗೆರೆಯಿಂದ ಕೆಳಕ್ಕೆ.

ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದು ಕೂತಿದ್ದ ಕುರಿ ಕಾಯುವ ಅಜ್ಜನಿಗೆ ತಡೆಯಲಾಗಲಿಲ್ಲ. “ಏನ್ರಮ್ಮಾ, ಹುಡ್ಗಿ ಏನಾರ ಕಳ್ಕಂಡಾಳಾ?”

“ಇಲ್ಲಜ್ಜ, ಪಾಠ.”

“ನಡೆಯಾದೂ ಪಾಠ ಆಗೈತಾ! ಹಂಗಾರೆ ನಮ್ ಕುರಿಯೆಲ್ಲಾ ಪಾಸು ಬಿಡ್ರಿ.”

ನಾನು ಚೌಕ ಎಣಿಸಿದೆ. ಹತ್ತು, ಹನ್ನೆರಡು, ಆರು. “ಇಪ್ಪತ್ತೆಂಟು!”

ಮಗಳು ನಿಂತಲ್ಲಿಂದ ಬೆಂಚಿನವರೆಗೆ ಕಲ್ಲು ಎಣಿಸುತ್ತ ಬಂದಳು. ಹದಿನಾರು. ಮುಖ ಚಿಕ್ಕದಾಯಿತು. “ನೋಡು, ಸುಳ್ಳು. ಸೈನ್ ಹಾಕು,” ಎಂದು ಪೆನ್ನು ಚಾಚಿದಳು.

ಪೆನ್ನು ತೆಗೆದುಕೊಂಡೆ, ಕಣ್ಣು ಹಾಳೆಯ ಮೇಲೇ ಇತ್ತು. ಕ್ರಾಸ್‌ಸ್ಟಿಚ್‌ನಲ್ಲಿ ತುಂಬಿದ ಚೌಕವೆಲ್ಲ ಲೆಕ್ಕಕ್ಕೆ. ಮೇಲೆ ಕೆಳಗೆ ನೋಡದೆ ಎಣಿಸಿಬಿಟ್ಟಿದ್ದೆ. ಆದರೆ ಸಿಸ್ಟರ್ ಬಿಚ್ಚಿಸುತ್ತಿದ್ದ ಹೊಲಿಗೆಗಳು? ಗುಲಾಬಿಯ ಎಸಳು ಒಂದು ಸಾಲು ತಪ್ಪಿದರೆ ಬಿಚ್ಚಲೇಬೇಕು. ಬೆರಳು ನೋಯುವುದು ಹಾಕಿದ್ದಕ್ಕೂ ಬಿಚ್ಚಿದ್ದಕ್ಕೂ. ಬಟ್ಟೆಯ ಮೇಲೆ ಕಾಣುವುದು ಉಳಿದದ್ದು ಮಾತ್ರ.

“ಕೆಳಗಿನ ಚೌಕ ಬಿಚ್ಚಿದ ಹೊಲಿಗೆ ಕಣೇ. ಕೂಡ್ಬೇಡ, ಕಳಿ.”

ಹಾಳೆ ಕಿತ್ತುಕೊಂಡಳು. ಇಪ್ಪತ್ತೆರಡರಲ್ಲಿ ಆರು. ತುಟಿ ಅಲ್ಲಾಡಿತು. “ಹದಿನಾರು! ಮತ್ತೆ ಆ ಇಪ್ಪತ್ತೆಂಟು?”

“ನಿನ್ನ ಚಪ್ಪಲಿ ಸವೆದದ್ದು.”

“ಅದು ದೂರ. ಇದು ಸ್ಥಾನಪಲ್ಲಟ,” ತನಗೆ ತಾನೇ ಹೇಳಿಕೊಂಡಳು.

“ಪಾಸಾ?” ಅಂದ ಅಜ್ಜ.

ರೈಲು ಬಂತು. ಅದು ಮೆಲ್ಲಗೆ ಹೊರಟು ಜೋರಾಗುತ್ತಿದ್ದಂತೆ ಇವಳು, “ಅಮ್ಮ, ಈಗ ಗೆರೆ ಓರೆ ಏರುತ್ತೆ. ಅರ್ಧ ಚೌಕಕ್ಕೆ ಏನ್ ಮಾಡೋದು?” ಅಂದಳು. ಎರಡರ್ಧ ಸೇರಿದರೆ ಒಂದು ಎನ್ನುವಷ್ಟರಲ್ಲಿ ತಾನೇ ತ್ರಿಕೋನ ಬರೆಯತೊಡಗಿದ್ದಳು.

ಶೇಂಗಾ ಸಿಪ್ಪೆಗೆ ಕಾಗದ ಬೇಕೆಂದು ಚೀಲಕ್ಕೆ ಕೈಹಾಕಿದರೆ ಅರ್ಜಿ ಸಿಕ್ಕಿತು.

“ಇದ್ರಲ್ಲಿ ಸಿಪ್ಪೆ ಹಾಕ್ಲಾ?”

“ಹಾಕಮ್ಮ,” ಅಂದಳು, ತಲೆ ಎತ್ತದೆ.