ನಗುವಿಗೆ ಕಾಯುತ್ತಿದ್ದ ಬುಗುರಿ

ಅವಳಿಗೆ ಮನೆಯವರು ಇಟ್ಟ ಹೆಸರು ಬೇರೆ. ಆದರೆ ನಾಟಕ ಕಂಪನಿಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬುಗುರಿ. ಅಮ್ಮ ಅಲ್ಲಿ ಪಾತ್ರಧಾರಿಗಳ ಬಟ್ಟೆ ಹೊಲಿಯುತ್ತಿದ್ದರು. ಮಗಳು ಮೆಷಿನ್ನಿನ ಕೆಳಗೆ ಕೂತು ಚಿಂದಿಗಳಿಗೆ ಗಂಟು ಹಾಕುತ್ತ ಬೆಳೆದಳು. ಒಂದು ಸಂಜೆ ಕಳ್ಳನ ಮಗನ ಪಾತ್ರಕ್ಕೆ ಯಾರೂ ಸಿಗದೆ, ಇವಳ ಜಡೆಯನ್ನು ಟೋಪಿಯೊಳಗೆ ತುರುಕಿ ರಂಗದ ಮೇಲೆ ತಳ್ಳಿದರು. ಓಡು ಎಂದಿದ್ದರೇ ಹೊರತು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ರಂಗದ ಮೇಲೆ ಗಿರಗಿರನೆ ಸುತ್ತುತ್ತ ಓಡುತ್ತಲೇ ಇದ್ದಳು. ಜನ ಬಿದ್ದು ಬಿದ್ದು ನಕ್ಕರು. ಅಡ್ಡಹೆಸರು ಅಂಟಿದ್ದು ಅವತ್ತೇ, ನಗುವಿನ ರುಚಿ ಹತ್ತಿದ್ದೂ ಅವತ್ತೇ.

ನಗಿಸುವ ವಿದ್ಯೆ ಕಲಿಸಿದವರು ಕಂಪನಿಯ ಹಿರಿಯ ಹಾಸ್ಯಗಾರರು. “ನಗು ಅಂದ್ರೆ ಒಲೆ ಮೇಲಿಟ್ಟ ಹಾಲು ಕಣಮ್ಮ,” ಎನ್ನುತ್ತಿದ್ದರು. “ಉಕ್ಕೋವರೆಗೂ ಸುಮ್ನೆ ನಿಂತ್ಕೋ. ಇಳಿಯೋಕೆ ಶುರುವಾಯ್ತಾ, ಆಗ ಮುಂದಿನ ಮಾತು ಬಿಡು. ಅವಸರ ಮಾಡಿದ್ರೆ ನಿನ್ನ ಮಾತು ನಗುವಲ್ಲಿ ಮುಳುಗುತ್ತೆ.” ಬುಗುರಿ ಅದನ್ನು ಎಷ್ಟು ಮನಸ್ಸಿಟ್ಟು ಕಲಿತಳೆಂದರೆ, ತರಕಾರಿ ಅಂಗಡಿಯಲ್ಲಿ ತಮಾಷೆ ಮಾಡಿದರೂ ಒಂದು ಕ್ಷಣ ನಿಂತು, ಆಮೇಲೆ ಚೀಲ ಮುಂದೆ ಚಾಚುತ್ತಿದ್ದಳು. ಜಗಳಗಂಟಿ ಅತ್ತೆಯಾದಳು, ಕಿವುಡಿ ರಾಣಿಯಾದಳು, ಗಂಡನನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಮರೆತುಬಿಡುವ ಹೆಂಡತಿಯಾದಳು. ಕಂಪನಿಯಲ್ಲಿ ಲೈಟು ನೋಡಿಕೊಳ್ಳುತ್ತಿದ್ದವನು ಅವಳ ಮುಖಕ್ಕೆ ಬೆಳಕು ಹಿಡಿದು ಹಿಡಿದು, ಕೊನೆಗೆ ಕೈಯನ್ನೂ ಹಿಡಿದ.

ಮಗು ಹುಟ್ಟಿತು. ಅದೇ ಹೊತ್ತಿಗೆ ರಂಗಮಂದಿರದ ಮಾಡು ಕುಸಿಯುವಂತಾಗಿ ಬಾಗಿಲು ಹಾಕಿದರು. ಕಂಪನಿಯವರು ದಿಕ್ಕಿಗೊಬ್ಬರಾದರು. ಗಂಡನಿಗೆ ಮದುವೆ ಛತ್ರಗಳಲ್ಲಿ ದೀಪ ಕಟ್ಟುವ ಕೆಲಸವಾದರೂ ಸಿಕ್ಕಿತು, ಇವಳನ್ನು ಯಾರೂ ಕರೆಯಲಿಲ್ಲ. ಮಗುವಿನ ಡಾಕ್ಟರ ಹತ್ತಿರ ಚೀಟಿ ಬರೆಯುವಾಕೆ ಒಮ್ಮೆ, “ನೀವು ಮೊದ್ಲು ನಾಟಕ ಮಾಡ್ತಿದ್ರಲ್ವಾ?” ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಆ ‘ಮೊದ್ಲು’ ಬುಗುರಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮಗುವಿಗೆ ಮೈ ಬಿಸಿಯಾಯಿತೇ, ತೂಕ ಏರಿತೇ, ರಾತ್ರಿಯೆಲ್ಲ ಕೆಮ್ಮಿತೇ ಎಂಬ ನೂರು ಚಿಂತೆಗಳ ಜೊತೆ ಇನ್ನೊಂದು ಸೇರಿತು: ತಾನು ಇನ್ನು ಮೇಲೆ ಬರೀ ಮೊದಲು ನಟಿಯಾಗಿದ್ದವಳೇ?

ಅಂಥ ಹೊತ್ತಿನಲ್ಲಿ ಟೀವಿ ಧಾರಾವಾಹಿಯೊಂದರಲ್ಲಿ ಪಕ್ಕದ ಮನೆಯಾಕೆಯ ಪಾತ್ರ ಬಂತು. ಮಗುವನ್ನು ಅಮ್ಮನ ಕೈಗೆ ಕೊಟ್ಟು, ಔಷಧಿಯನ್ನು ಎರಡೆರಡು ಸಲ ತೋರಿಸಿ, ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಕಿಟಕಿ ಹಾಕಿಸಿ ಹೊರಟಳು.

ಮೊದಲ ದೃಶ್ಯ ಸುಲಭದ್ದೇ. ಸೊಸೆಯ ಪಾತ್ರದ ಹುಡುಗಿ ಬಾಗಿಲು ತೆಗೆಯುತ್ತಾಳೆ. ಬುಗುರಿ ಹೇಳಬೇಕು: “ನಿಮ್ಮನೆ ಕೊಡೆ ಒಂದು ಕೊಡಮ್ಮ. ಹೋದ ತಿಂಗಳು ತಗೊಂಡಿದ್ನಲ್ಲ, ಅದನ್ನ ವಾಪಸ್ ತರ್ಬೇಕು. ಈ ಮಳೇಲಿ ತಂದ್ರೆ ಪಾಪ, ನೆನೆದುಹೋಗುತ್ತೆ.” ಅದರ ಬೆನ್ನಿಗೇ: “ಹೂವಿನ ಡಿಸೈನಿಂದು ಬೇಡ. ನಮ್ಮನೆಯವರು ಅದನ್ನ ಆಫೀಸಿಗೆ ಹಿಡ್ಕೊಂಡು ಹೋಗಲ್ಲ.”

ಮೊದಲ ಮಾತು ಹೇಳಿದಳು. ನಿಂತಳು.

“ಕಟ್. ಮೇಡಂ, ಡೈಲಾಗ್ ಮರೆತ್ರಾ?” ಎಂದರು ಡೈರೆಕ್ಟರು. ಅವಳಿಗಿಂತ ಚಿಕ್ಕ ವಯಸ್ಸಿನವರು.

“ಇಲ್ಲ ಸರ್. ನಗೋಕೆ ಬಿಟ್ಟೆ.”

“ಯಾರಿಗೆ?”

ಬುಗುರಿ ಸುತ್ತ ನೋಡಿದಳು. ಕ್ಯಾಮೆರಾದವರು, ಮೈಕಿನ ಕೋಲು ಹಿಡಿದವರು, ಮೇಕಪ್ಪಿನಾಕೆ, ಎಲ್ಲರೂ ತುಟಿ ಹೊಲಿದುಕೊಂಡವರ ಹಾಗಿದ್ದರು. ಅಲ್ಲಿ ಸದ್ದು ಮಾಡುವಂತಿಲ್ಲ. ಮತ್ತೆ ಮಾಡಿದಳು, ಮತ್ತೆ ನಿಂತಳು. ಬೇಕೆಂದು ನಿಲ್ಲುತ್ತಿರಲಿಲ್ಲ. ಒಳಗೆಲ್ಲೋ ರಂಗಮಂದಿರದ ಕೊನೆಯ ಸಾಲಿನವರು ನಗುತ್ತಿದ್ದರು, ಅವರು ಮುಗಿಸುವವರೆಗೆ ನಾಲಿಗೆ ಏಳುತ್ತಿರಲಿಲ್ಲ. ಸಂಜೆಯವರೆಗೂ ಅದೇ ಕಥೆ.

ಡೈರೆಕ್ಟರು ಸಿಟ್ಟಾಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತು. “ನಾಳೆ ಇನ್ನೊಂದ್ಸಲ ನೋಡೋಣ ಮೇಡಂ. ಆಗ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಪಕ್ಕದ ಮನೆಯವರು ಮನೆ ಖಾಲಿ ಮಾಡ್ಕೊಂಡು ಹೋದ್ರು ಅಂತ ಒಂದು ಮಾತು ಬರೆಸಿಬಿಡ್ತೀನಿ,” ಎಂದರು.

ಮನೆಗೆ ಬಂದವಳು ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ರೀ, ನಗಬಾರ್ದು.”

“ನಿನ್ನ ಮುಖ ನೋಡಿದ್ರೆ ಯಾರಿಗೆ ನಗು ಬರುತ್ತೆ ಈಗ?”

ಆದರೂ ಮೊದಲ ಮಾತಿಗೇ ಅವನು ಕಿಸಕ್ಕೆಂದ. ಅವನನ್ನು ಎಬ್ಬಿಸಿ ಅಮ್ಮನನ್ನು ಕೂರಿಸಿದಳು. ಅಮ್ಮ ಜನ್ಮದಲ್ಲಿ ನಕ್ಕವರಲ್ಲ. “ಇಷ್ಟು ದಿನ ಕೊಡೆ ಇಟ್ಕೊಂಡಿದ್ಲಾ ಆ ಹೆಂಗಸು? ಮಾನ ಬೇಡ್ವಾ?” ಎಂದು ಕೇಳಿದರು. ನಗು ಬರಲಿಲ್ಲ, ಬುಗುರಿ ಮಾತ್ರ ನಿಂತೇ ನಿಂತಳು.

ಅಷ್ಟರಲ್ಲಿ ಮಗುವಿಗೆ ಕೆಮ್ಮಿನ ಔಷಧಿ ಕೊಡುವ ಹೊತ್ತಾಯಿತು. ಚಿಕ್ಕ ಮಕ್ಕಳಿಗೆ ಔಷಧಿ ಕುಡಿಸಿದವರಿಗೆ ಗೊತ್ತು, ಅದು ಬಾಯಿ ಮಾತಿನ ಮೇಲೆ ನಡೆಯುವ ಕೆಲಸ. ಮಾತು ಹರಿಯುತ್ತಿರಬೇಕು. ನಡುವೆ ಒಂದು ಉಸಿರು ನಿಂತಿತೋ, ಮಗುವಿಗೆ ಚಮಚ ಕಾಣುತ್ತದೆ, ಬಾಯಿಗೆ ಬೀಗ ಬೀಳುತ್ತದೆ. ಬುಗುರಿ ಬೇರೆ ಮಾತು ತೋಚದೆ ಕೊಡೆಯ ಮಾತನ್ನೇ ಶುರು ಮಾಡಿದಳು. ಮಗು ಕಣ್ಣರಳಿಸಿ ಅವಳ ಬಾಯನ್ನೇ ನೋಡುತ್ತ ಔಷಧಿಯನ್ನು ಪೂರ್ತಿ ನುಂಗಿತು.

“ಈಗ ಎಲ್ಲೂ ನಿಲ್ಲಿಸ್ಲಿಲ್ಲ ನೀನು,” ಎಂದ ಗಂಡ.

“ಏನನ್ನ?” ಎಂದಳು ಬುಗುರಿ, ಮಗುವಿನ ಗಲ್ಲ ಒರೆಸುತ್ತ. ಆಮೇಲೆ ಹೊಳೆದು, ಕೈಯಲ್ಲಿದ್ದ ಖಾಲಿ ಚಮಚವನ್ನೇ ನೋಡುತ್ತ ಕೂತಳು.

ಮರುದಿನ ಅದೇ ಬಾಗಿಲು, ಅದೇ ಸೊಸೆ. ಬುಗುರಿ ಕ್ಯಾಮೆರಾವನ್ನೂ ನೋಡಲಿಲ್ಲ, ಕೊನೆಯ ಸಾಲಿನವರನ್ನೂ ನೆನೆಯಲಿಲ್ಲ. ಆ ಹುಡುಗಿಯ ಬಾಯಿಯ ಮೇಲೆ ಕಣ್ಣಿಟ್ಟು, ಔಷಧಿ ತುಳುಕದ ಹಾಗೆ ನಯವಾಗಿ, ಎಡೆಬಿಡದೆ ಹೇಳಿಕೊಂಡು ಹೋದಳು. ಕೊಡೆ ಮುಗಿದು ಹೂವಿನ ಮಾತು ಬರುವಷ್ಟರಲ್ಲಿ ಸೊಸೆ ತನಗೇ ತಿಳಿಯದೆ ಬಾಯಿ ತೆರೆದು ನಿಂತಿದ್ದಳು.

“ಓಕೆ,” ಎಂದರು ಡೈರೆಕ್ಟರು. ಸೊಸೆಯ ಕಡೆ ತಿರುಗಿ, “ಆ ಬಾಯಿ ತೆರೆದಿದ್ದು ಭಾರಿ ಚೆನ್ನಾಗಿತ್ತಮ್ಮ, ಹಾಗೇ ಇರ್ಲಿ,” ಎಂದರು. ಹುಡುಗಿಗೆ ತಾನೇನು ಮಾಡಿದೆನೆಂದು ಗೊತ್ತಾಗಲೇ ಇಲ್ಲ. ಬುಗುರಿಗೆ, “ಮೇಡಂ, ಮುಂದಿನ ವಾರಾನೂ ಬರ್ಬೇಕು ನೀವು,” ಎಂದಷ್ಟೇ ಹೇಳಿ ಬೇರೆ ಕೆಲಸ ನೋಡಿಕೊಂಡರು.

ಅವಳು ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದಳು. ಮಗು ಮಲಗಿದೆಯೇ, ಕೆಮ್ಮಿತೇ, ಎಷ್ಟು ಸಲ ಕೆಮ್ಮಿತು, ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದರು, “ಜನ ನಕ್ಕರೇನೇ?”

“ಒಬ್ಬರೂ ನಗಲಿಲ್ಲಮ್ಮ.”

“ಅಯ್ಯೋ ಪಾಪ.”

“ಚೆನ್ನಾಗಾಯ್ತು ಅಂತ ಹೇಳ್ತಿದೀನಿ ನಾನು.”

“ಏನು ಕೆಲಸಾನೋ ಏನೋ,” ಎಂದು ಅಮ್ಮ ಫೋನು ಇಟ್ಟರು.

ಕಂತು ಟೀವಿಯಲ್ಲಿ ಬಂದ ಸಂಜೆ ಎಲ್ಲರೂ ಮಂಚದ ಮೇಲೆ ಸಾಲಾಗಿ ಕೂತರು. ಕೊಡೆಯ ಮಾತು ಬಂತು. ಆಗ ಗೋಡೆಯ ಆಚೆ ಮನೆಯಿಂದ ದಡದಡನೆ ನಗು ಕೇಳಿತು, ಅಪ್ಪ, ಅಮ್ಮ, ಮಕ್ಕಳು, ಎಲ್ಲರೂ ಸೇರಿ ನಕ್ಕದ್ದು. ಅವರ ನಗು ಮುಗಿಯುವ ಮೊದಲೇ ಟೀವಿಯೊಳಗಿನ ಬುಗುರಿ ಹೂವಿನ ಮಾತನ್ನು ಹೇಳಿ ಮುಗಿಸಿ ಹೊರಟೇಹೋದಳು.

“ಅವರಿಗೆ ಎರಡನೇದು ಕೇಳಿಸಲೇ ಇಲ್ಲ ರೀ,” ಎಂದಳು ಅವಳು, ಅಳುವ ಹಾಗೆ.

“ನಾಳೆ ಮಧ್ಯಾಹ್ನ ಮತ್ತೆ ಹಾಕ್ತಾರೆ, ಕೇಳಿಸ್ಕೋತಾರೆ ಬಿಡು.”

ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ. ಬೆಳಿಗ್ಗೆ ಮೆಟ್ಟಿಲ ಹತ್ತಿರ ಆಚೆ ಮನೆಯಾಕೆ ಸಿಕ್ಕಿ, “ನಿನ್ನೆ ನಿಮ್ಮನ್ನ ನೋಡಿದ್ವಿ, ಕೊಡೆ ಆದ್ಮೇಲೆ ಇನ್ನೇನೋ ಅಂದ್ರಲ್ಲ, ನಕ್ಕು ನಕ್ಕು ಕೇಳಿಸಲಿಲ್ಲ, ಏನದು?” ಎಂದದ್ದೇ ತಡ, ಬುಗುರಿ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, “ಮೊದ್ಲಿಂದ ಹೇಳ್ತೀನಿ ಇರಿ,” ಎಂದಳು.