ಹೀರೆ ಚಪ್ಪರದ ತಂತಿ

ಸುಗಟೂರಿನ ಮಿಲ್ಟ್ರಿ ಚನ್ನರಾಯಪ್ಪ ಯಾರನ್ನೂ ‘ಬಾ’ ಎಂದು ಕರೆಯುವವನಲ್ಲ. ನೆಂಟರು ಬಂದರೆ ‘ಕೂತ್ಕೊಳ್ಳಿ’ ಎನ್ನುತ್ತಾನೆ, ಊಟದ ಹೊತ್ತಾದರೆ ‘ತಟ್ಟೆ ಹಾಕಿದೆ’ ಎನ್ನುತ್ತಾನೆ. ಮಗ ಅಮರನಾಥ್ ಕೂಸಾಗಿ ತಪ್ಪುಹೆಜ್ಜೆ ಇಡುತ್ತಿದ್ದ ಕಾಲದಲ್ಲೂ ಕೈಚಾಚಿ ಕರೆದವನಲ್ಲ. ತಾನೇ ಎದ್ದು ಹೋಗಿ ಎತ್ತಿಕೊಳ್ಳುತ್ತಿದ್ದ. ಊರವರು ಇದನ್ನು ಮಿಲ್ಟ್ರಿ ಗತ್ತು ಅಂದುಕೊಂಡರು. ಊರಿಗೇನು, ಆಡಿಕೊಳ್ಳಲು ಒಬ್ಬ ಸಿಕ್ಕರೆ ಸಾಕು. ಹೆಂಡತಿ ರಾಮಲಕ್ಷ್ಮಮ್ಮ ಮಾತ್ರ ಬೇರೊಂದನ್ನು ಕಂಡಿದ್ದಳು. ಮದುವೆಯಾದ ಹೊಸದರಲ್ಲಿ ಬಟ್ಟೆ ಹರವಲು ಅವಳು ಅಂಗಳಕ್ಕೆ ತಂತಿ ಕಟ್ಟಿದಾಗ, ಅವನು ಅದನ್ನು ಕಿತ್ತೆಸೆದು, ಅವಳ ತುಟಿ ಒಡೆಯುವಂತೆ ಹೊಡೆದು, ಆಮೇಲೆ ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದ. ಅಂದಿನಿಂದ ಆ ಮನೆಯ ಬಟ್ಟೆ ಬೇಲಿಯ ಮೇಲೇ ಒಣಗುತ್ತದೆ.

ಸುತ್ತಮುತ್ತಲ ಹೊಲಗಳಲ್ಲೆಲ್ಲ ಟೊಮೇಟೊ. ಸಾಲಿನುದ್ದಕ್ಕೂ ನೀಲಗಿರಿ ಕೋಲು ನೆಟ್ಟು, ಮೊಣಕಾಲೆತ್ತರಕ್ಕೊಂದು, ಎದೆಯೆತ್ತರಕ್ಕೊಂದು ತಂತಿ ಎಳೆದು ಗಿಡ ಕಟ್ಟುತ್ತಾರೆ. ಚನ್ನರಾಯಪ್ಪ ಸೈನ್ಯದಿಂದ ಬಂದ ಮೇಲೆ ಹಿಪ್ಪುನೇರಳೆ ಬಿಟ್ಟು ಬೇರೇನನ್ನೂ ಬೆಳೆಯಲಿಲ್ಲ. ಅದಕ್ಕೆ ತಂತಿ ಬೇಕಿಲ್ಲ. ಈ ವರ್ಷ ಅಮರನಾಥ್ ಜಗಳವಾಡಿ ಅರ್ಧ ಎಕರೆಗೆ ಟೊಮೇಟೊ ನಾಟಿ ಮಾಡಿದ. ಅಪ್ಪ ಒಂದೇ ಷರತ್ತು ಹಾಕಿದ: ಗಿಡಕ್ಕೊಂದು ಕೋಲು ಕೊಟ್ಟು ದಾರ ಕಟ್ಟಬೇಕು, ತಂತಿ ಎಳೆಯಕೂಡದು. ಯಾಕೆ ಎಂದು ಕೇಳಿದರೆ ಎದ್ದು ಹೋದ.

ಕಾಯಿ ತುಂಬಿದ ಮೇಲೆ ಗಾಳಿ ಶುರುವಾಯಿತು. ಕೋಲುಗಳು ಒಂದರ ಮೇಲೊಂದು ವಾಲಿದವು. ಕಣ್ಣೆದುರೇ ಬೆಳೆ ಮಣ್ಣುಪಾಲಾಗುವುದನ್ನು ಯಾವ ರೈತ ತಾನೇ ಕೈಕಟ್ಟಿ ನೋಡುತ್ತಾನೆ? ಚನ್ನರಾಯಪ್ಪ ಕಣ್ಣು ತೋರಿಸಲು ಕೋಲಾರಕ್ಕೆ ಹೋದ ದಿನ, ಮಗ ಮತ್ತು ಸೊಸೆ ರಂಜಿತ ಸೇರಿ ತಂತಿ ಎಳೆದುಬಿಟ್ಟರು. ಬಂದಾಗ ನಾಲ್ಕು ಬೈಯುತ್ತಾನೆ, ಬೈಸಿಕೊಂಡರಾಯಿತು ಎಂದು ಅವರ ಲೆಕ್ಕ.

ಮಧ್ಯಾಹ್ನದ ಬಸ್ಸಿಗೆ ಬಂದಿಳಿದವನು ನೇರ ಹೊಲಕ್ಕೆ ಬಂದ. ರಂಜಿತ ಬದುವಿನಿಂದ ಇಳಿದು ಸಾಲಿನೊಳಕ್ಕೆ ಹೊರಟಿದ್ದಳು. ಅವಳ ಕಾಲ ಮುಂದೆ, ಸಾಲಿನ ತುದಿಯ ಗೂಟಕ್ಕೆ ಬಿಗಿದ ತಂತಿ ಬಿಸಿಲಿಗೆ ಮಿಂಚಿತು. ನಿಲ್ಲು ಎಂದು ಅವನು ಕಿರುಚಿದ. ಅವಳು ತಿರುಗಿ ನಕ್ಕಳು.

“ಏನಿಲ್ಲ ಮಾವ, ಗಿಡದ ತಂತಿ ಅಷ್ಟೇ,” ಎಂದು ಕಾಲೆತ್ತಿದಳು.

ಚನ್ನರಾಯಪ್ಪ ನೆಗೆದ. ಜಡೆಗೆ ಕೈಹಾಕಿ ಹಿಂದಕ್ಕೆಳೆದು, ಅವಳನ್ನು ನೀರುಗಾಲುವೆಗೆ ಕೆಡವಿ, ಮೇಲೆ ಬಿದ್ದು, ಅವಳ ಮುಖವನ್ನು ಕೆಸರಿಗೆ ಒತ್ತಿಹಿಡಿದ. ಅವಳ ಭುಜದ ಮೂಳೆ ಲಟಕ್ಕೆಂದಿತು. ಪಂಪ್‌ಸೆಟ್ ಬಳಿಯಿದ್ದ ಅಮರನಾಥ್ ಓಡಿ ಬಂದಾಗ ಕಂಡಿದ್ದು, ಕೆಸರಿನಲ್ಲಿ ಒದ್ದಾಡುತ್ತಿದ್ದ ಹೆಂಡತಿ, ಅವಳ ಮೇಲೆ ಅಪ್ಪ. ಅವನು ಕೋಲೊಂದನ್ನು ಕಿತ್ತು ಬಾರಿಸಿದ. ಬೆನ್ನಿಗೆ, ಪಕ್ಕೆಗೆ, ತಲೆಗೆ. ನೆತ್ತಿ ಸೀಳಿ ರಕ್ತ ಕಣ್ಣಿಗಿಳಿದರೂ ಚನ್ನರಾಯಪ್ಪ ಕದಲಲಿಲ್ಲ, ಕೈಯೆತ್ತಿ ತಡೆಯಲೂ ಇಲ್ಲ. ಪಕ್ಕದ ಹೊಲದವರು ಬಂದು ಮೊದಲು ಮಗನನ್ನು ಹಿಡಿದುಕೊಂಡರು, ಆಮೇಲೆ ಅಪ್ಪನನ್ನು ಬಿಡಿಸಿದರು.

ಕೋಲಾರದ ಆಸ್ಪತ್ರೆಗೆ ರಂಜಿತಳ ತಂದೆ ಸುಬ್ಬರಾಯಪ್ಪ ಶ್ರೀನಿವಾಸಪುರದಿಂದ ಬಂದರು. ಮುದುಕನನ್ನು ಮನೆಯಿಂದ ಆಚೆ ಹಾಕಬೇಕು, ಇಲ್ಲದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಅಮರನಾಥ್ ಒಪ್ಪಿಕೊಂಡ. ತಲೆಗೆ ಹೊಲಿಗೆ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ಚನ್ನರಾಯಪ್ಪನೂ ಅದೇ ಸರಿ ಎಂದು ತಲೆಯಾಡಿಸಿದ. ಬಾಯಿ ಬಿಟ್ಟು ಅತ್ತವಳು ರಾಮಲಕ್ಷ್ಮಮ್ಮ ಒಬ್ಬಳೇ.

ರಂಜಿತ ಮಾವನನ್ನು ಒಳಗೆ ಕಳಿಸಲು ಹೇಳಿದಳು. ಕೆಸರಿನಲ್ಲಿ ಉಸಿರುಗಟ್ಟಿ ಮಲಗಿದ್ದಾಗ ಅವಳಿಗೆ ಒಂದು ತಿಳಿದಿತ್ತು: ಮಾವ ಅವಳಿಗೆ ಒಂದೇಟೂ ಹೊಡೆದಿರಲಿಲ್ಲ. ಅವಳ ತಲೆಯನ್ನು ಎರಡು ತೋಳಿನಿಂದ ಬಳಸಿ, ಕಿವಿಯಲ್ಲಿ ಒಂದೇ ಮಾತನ್ನು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ಕೋದಂಡ, ಬರಬೇಡ ಕಣೋ ಎಂದು.

“ಕೋದಂಡ ಅಂದ್ರೆ ಯಾರು ಮಾವ?” ಎಂದು ಕೇಳಿದಳು.

ಅಷ್ಟು ವರ್ಷ ಹೆಂಡತಿಗೂ ಹೇಳದ್ದನ್ನು ಅವನು ಮಂಚದ ಕಾಲು ನೋಡುತ್ತ ಹೇಳಿದ. ಕೋದಂಡರಾಮಪ್ಪ ಮುಳಬಾಗಿಲು ಕಡೆಯ ಹುಡುಗ. ಶಾಂತಿ ಕಾಯಲೆಂದು ಶ್ರೀಲಂಕಾಕ್ಕೆ ಹೋದ ಭಾರತದ ಪಡೆಯಲ್ಲಿ ಇಬ್ಬರೂ ಒಂದೇ ತುಕಡಿ, ಅರ್ಧ ಕನ್ನಡ ಅರ್ಧ ತೆಲುಗು ಆಡುತ್ತ ಒಂದೇ ತಟ್ಟೆಯಲ್ಲಿ ಉಂಡವರು. ಜಾಫ್ನಾದ ಮಣ್ಣೂ ಕೋಲಾರದಂತೆಯೇ ಕೆಂಪು. ತರಕಾರಿ ತೋಟವೊಂದರ ನಡುವೆ ಸಾಲಾಗಿ ನಡೆಯುವಾಗ ಮುಂದಿದ್ದವನು ಚನ್ನರಾಯಪ್ಪ. ಕಾಲಬಳಿ ತಂತಿ ಕಂಡಿತು. ಪಟ್ಟಣದ ಹುಡುಗನಾಗಿದ್ದರೆ ಹೆದರಿ ನಿಲ್ಲುತ್ತಿದ್ದ. ಇವನು ಬೇಸಾಯಗಾರರ ಮನೆಯವನು. ಪಕ್ಕದಲ್ಲಿ ಹೀರೆ ಚಪ್ಪರ ಕಂಡಿತು, ಅದನ್ನು ಬಿಗಿದು ಕಟ್ಟಿದ ತಂತಿ ಎಂದುಕೊಂಡ. ಯಾರದೋ ಬೆಳೆ, ಕಿತ್ತುಹೋಗದಿರಲಿ ಎಂದು ಜೋಪಾನವಾಗಿ ದಾಟಿದ. ಹಿಂದೆ ಅನುಮಾನಿಸಿ ನಿಂತಿದ್ದ ಕೋದಂಡನಿಗೆ ಹೇಳಿದ:

“ಏನಿಲ್ಲ ಕಣೋ, ಹೀರೆ ಚಪ್ಪರದ ತಂತಿ. ಬಾ.”

ಕೋದಂಡ ಅವನನ್ನು ನಂಬಿ ಬಂದ. ಅವನ ಬೂಟಿಗೆ ತಂತಿ ತಗುಲಿತು. ಅದರ ತುದಿಗೆ ಕಟ್ಟಿದ್ದ ಸಿಡಿಮದ್ದು ಸಿಡಿದು ಅವನನ್ನೂ ಹಿಂದಿದ್ದ ಮೂವರನ್ನೂ ಹರಿದುಹಾಕಿತು. ಚನ್ನರಾಯಪ್ಪನಿಗೆ ಗೀರು ಗಾಯವೂ ಆಗಲಿಲ್ಲ. ಬೂಟಿನ ಸಮೇತ ಒಂದು ಪಾದ ಚಪ್ಪರದ ಮೇಲೆ ಹೀರೆಕಾಯಿಗಳ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಇಳಿಸಿ ಟಾರ್ಪಾಲಿನಲ್ಲಿ ಕಟ್ಟಿದವನೂ ಅವನೇ. ಆಗ ಪಕ್ಕದ ಗುಡಿಸಲಿನಿಂದ ತೋಟದ ಮುದುಕ ಕೈಮುಗಿದುಕೊಂಡು ಹೊರಗೆ ಬಂದ, ತಮಿಳಿನಲ್ಲಿ ಏನೋ ಬೇಡಿಕೊಂಡ. ಚನ್ನರಾಯಪ್ಪ ಬಂದೂಕಿನ ಹಿಂಬದಿಯಿಂದ ಅವನ ಮುಖಕ್ಕೆ ಗುದ್ದಿದ. ಬಿದ್ದ ಮೇಲೂ ಗುದ್ದಿದ. ಹಲ್ಲು ಉದುರಿ, ಮೂಗು ಎಲ್ಲಿತ್ತೆಂದು ತಿಳಿಯದಂತಾದ ಮೇಲೂ ನಿಲ್ಲಿಸಲಿಲ್ಲ. ಜೊತೆಯವರು ಎಳೆದುಕೊಂಡು ಹೋದರು. ಆ ಮುದುಕ ಉಳಿದನೋ ಸತ್ತನೋ ಅವನಿಗೆ ಇಂದಿಗೂ ಗೊತ್ತಿಲ್ಲ.

“ಅಮರ ಹೊಡೀವಾಗ ನಾನು ಆ ಮುದುಕನೇ ಆಗಿದ್ದೆ ಕಣಮ್ಮ,” ಎಂದ. “ಅದಕ್ಕೇ ಕೈ ಎತ್ತಲಿಲ್ಲ.”

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅಮರನಾಥ್ ಗೋಡೆಗೆ ತಲೆಯಿಟ್ಟು ನಿಂತುಬಿಟ್ಟ. ಆ ಸಂಜೆಯೇ ಹೋಗಿ ತಂತಿಯನ್ನೆಲ್ಲ ಕಿತ್ತುಹಾಕುತ್ತೇನೆ ಎಂದು ಹೊರಟವನನ್ನು ರಂಜಿತಳೇ ತಡೆದಳು. ತಂತಿ ಇರಲಿ, ಮಾವನೂ ಮನೆಯಲ್ಲೇ ಇರಲಿ, ಆದರೆ ಇನ್ನು ಮೇಲೆ ಮಾವ ನೋಡಿ ಹೇಳದೆ ಯಾರೂ ಸಾಲಿನೊಳಗೆ ಕಾಲಿಡಬಾರದು ಎಂದಳು. ಸುಬ್ಬರಾಯಪ್ಪ ಮಗಳಿಗೆ ತಲೆಕೆಟ್ಟಿದೆ ಎಂದು ಗೊಣಗುತ್ತ ಊರಿಗೆ ಹೋದರು.

ಹಣ್ಣು ಕೀಳುವ ದಿನ ಬೆಳಿಗ್ಗೆ, ಕೂಲಿಯ ಹೆಂಗಸರು ಬುಟ್ಟಿ ಹಿಡಿದು ಬದುವಿನ ಮೇಲೆ ನಿಂತರು. ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ರಂಜಿತ ಅವರ ಮುಂದೆ. ಚನ್ನರಾಯಪ್ಪ ಮೊದಲ ತಂತಿಯ ಮೇಲೆ ಬೆರಳಿಟ್ಟು, ಕೋಲಿನಿಂದ ಕೋಲಿಗೆ ಸವರುತ್ತ, ಕೊನೆಯ ಗೂಟದವರೆಗೂ ನಡೆದ. ಪ್ರತಿ ಸಾಲಿಗೂ ಹಾಗೆಯೇ ಮಾಡಿದ. ಅಂಗಿ ಬೆವರಿಗೆ ಬೆನ್ನಿಗಂಟಿತು. ಒಬ್ಬ ಹೆಂಗಸು ಕಿಸಕ್ಕೆಂದು ನಕ್ಕಳು. ಅಮರನಾಥ್ ನೋಡಿದ ನೋಟಕ್ಕೆ ಸುಮ್ಮನಾದಳು.

“ಮಾವ, ಬರ್ಲಾ?” ಎಂದು ರಂಜಿತ ಕೇಳಿದಳು.

ಚನ್ನರಾಯಪ್ಪ ಇನ್ನೊಮ್ಮೆ ಬಗ್ಗಿ ಅವಳ ಮುಂದಿನ ತಂತಿಯನ್ನು ಮುಟ್ಟಿ ನೋಡಿದ. ಹಿಂದಕ್ಕೆ ಸರಿದು ನಿಂತ.

“ಬಾಮ್ಮ,” ಎಂದ.

ಎಂದವನು ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕುಸಿದು, ಕಣ್ಣು ಬಿಗಿದು, ಎರಡು ಕೈಯಿಂದ ಕಿವಿ ಮುಚ್ಚಿಕೊಂಡ. ಅವಳು ತಂತಿ ದಾಟಿ ಬಂದು, ಎದುರಿಗೆ ಕೂತು, ಒಂದೇ ಕೈಯಲ್ಲಿ ಅವನ ಕೈಗಳನ್ನು ಒಂದೊಂದಾಗಿ ಬಿಡಿಸುವವರೆಗೂ ಹಾಗೆಯೇ ಇದ್ದ.